ಹಸು ಹಿಡಿದ ಹುಲಿ ಎಲ್ಲಿಂದ ಬಂತು, ಮಗಳನ್ನು ಸಫಾರಿಗೆ ಕರೆದುಕೊಂಡು ಹೋಗಬಹುದಾ?

ಓದುಗರ ಪ್ರಶ್ನೆ: ನಮ್ಮದು ಕೊಡಗಿನ ಶ್ರೀಮಂಗಲ ಹತ್ತಿರ ಐದು ಎಕರೆ ಕಾಫಿ ತೋಟ, ಕೆಳಗೆ ಸ್ವಲ್ಪ ಗದ್ದೆ. ಹೋದ ತಿಂಗಳು ಗದ್ದೆ ಬದಿಯಲ್ಲಿ ಕಟ್ಟಿದ್ದ ಗಬ್ಬದ ಹಸುವನ್ನು ಹುಲಿ ಹಿಡಿಯಿತು. ಬೇರೆ ಕಡೆ ಹಿಡಿದ ಹುಲಿಗಳನ್ನು ಅರಣ್ಯ ಇಲಾಖೆಯವರು ರಾತ್ರಿ ಲಾರಿಯಲ್ಲಿ ತಂದು ನಮ್ಮ ಕಡೆ ಬಿಡುತ್ತಾರೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಸಫಾರಿ ಜೀಪು ನೋಡಿ ನೋಡಿ ಹುಲಿಗೆ ಮನುಷ್ಯರ ಭಯ ಹೋಗಿದೆ ಅಂತಲೂ ಹೇಳುತ್ತಾರೆ. ಕಾಫಿ ಕುಯ್ಲಿಗೆ ಕೆಲಸದವರು ಬರೋಕೆ ಹೆದರುತ್ತಿದ್ದಾರೆ. ಇದೆಲ್ಲದರ ಮಧ್ಯೆ ಆರನೇ ಕ್ಲಾಸಿನ ಮಗಳದ್ದು ನಾಗರಹೊಳೆಗೆ ಕರೆದುಕೊಂಡು ಹೋಗಿ, ಹುಲಿ ನೋಡಬೇಕು ಅಂತ ಒಂದೇ ಹಠ. ನಮ್ಮ ಹಸು ತಿಂದ ಪ್ರಾಣಿಯನ್ನು ದುಡ್ಡು ಕೊಟ್ಟು ನೋಡಬೇಕಾ ಅಂತ ಅವರಪ್ಪ ಕೇಳುತ್ತಾರೆ. ನಾನು ಏನು ಹೇಳಲಿ?

ಉತ್ತರ:

ಗಬ್ಬದ ಹಸು ಹೋದರೆ ಆಗುವ ನಷ್ಟ ಪರಿಹಾರದ ಚೆಕ್‌ನಲ್ಲಿ ಪೂರ್ತಿ ತುಂಬುವುದಿಲ್ಲ, ಅದು ಗೊತ್ತು. ಹಾಗಾಗಿ ಹುಲಿ ಉಳಿದರೆ ಕಾಡು, ಕಾಡು ಉಳಿದರೆ ಕಾವೇರಿ ಅನ್ನುವ ಪಾಠ ನಿಮಗೆ ಈಗ ಒಪ್ಪಿಸಲ್ಲ. ನಾನು ಕ್ಯಾಮೆರಾ ಇಟ್ಟು ಹುಲಿ ಎಣಿಸುವ ಕೆಲಸ ಮಾಡುವವನು. ಜಾನುವಾರು ಸತ್ತಾಗ ಹಿಡಿದದ್ದು ಹುಲಿಯಾ, ಚಿರತೆಯಾ ಅಂತ ನೋಡಲು ಕರೆದರೆ ಹೋಗುತ್ತೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ತೀರ್ಮಾನ ನಿಮ್ಮದು.

ಲಾರಿ ಕಥೆಯಿಂದಲೇ ಶುರು ಮಾಡೋಣ. ಕುಟ್ಟದಿಂದ ಬಿರುನಾಣಿವರೆಗೆ ಹೋದಲ್ಲೆಲ್ಲ ಈ ಮಾತು ಕೇಳಿದ್ದೇನೆ. ಸುಮ್ನೆ ಗಾಳಿಮಾತು ಅಂತ ನಗಾಡುವ ಅಧಿಕಾರಿಗಳನ್ನೂ ನೋಡಿದ್ದೇನೆ, ಅದು ನನಗೆ ಸರಿ ಕಾಣಲ್ಲ. ಯಾಕಂದ್ರೆ ಇಂಥದ್ದು ನಮ್ಮ ರಾಜ್ಯದಲ್ಲಿ ನಿಜವಾಗಿಯೂ ನಡೆದಿದೆ, ಕೊಡಗಿನಲ್ಲಿ ಅಲ್ಲ ಅಷ್ಟೇ. 2014ರ ಕೊನೆಯಲ್ಲಿ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಹಿಡಿದ ಹುಲಿಯನ್ನು ರೇಡಿಯೋ ಕಾಲರ್ ಹಾಕಿ ಬೆಳಗಾವಿಯ ಭೀಮಗಡ ಕಾಡಿಗೆ ಬಿಟ್ಟರು. ಕೆಲವೇ ವಾರದಲ್ಲಿ ಅದು ಖಾನಾಪುರ ಕಡೆ ಒಬ್ಬ ಹೆಂಗಸನ್ನು ಕೊಂದಿತು. ಕೊನೆಗೆ ಆ ಹುಲಿಯನ್ನೇ ಗುಂಡಿಟ್ಟು ಕೊಲ್ಲಬೇಕಾಯಿತು. ಆ ಪೆಟ್ಟನ್ನು ಇಲಾಖೆ ಮರೆತಿಲ್ಲ. ಈಗ ಜನರ ಮೇಲೆ ಬಿದ್ದ ಹುಲಿ ಈ ಕಡೆ ಸಿಕ್ಕರೆ ಸಾಮಾನ್ಯವಾಗಿ ಹೋಗುವುದು ಮೈಸೂರಿನ ಕೂರ್ಗಳ್ಳಿ ಪುನರ್ವಸತಿ ಕೇಂದ್ರಕ್ಕೆ. 2023ರ ಫೆಬ್ರವರಿಯಲ್ಲಿ ಕುಟ್ಟ ಹತ್ತಿರದ ಕೆ. ಬಾಡಗದಲ್ಲಿ ಒಂದು ದಿನದ ಅಂತರದಲ್ಲಿ ಒಂದೇ ಕುಟುಂಬದ ಇಬ್ಬರನ್ನು ಕೊಂದ ಹುಲಿಯನ್ನು ಹಿಡಿದ ಮೇಲೆ ಮತ್ತೆ ಕಾಡಿಗೆ ಬಿಡಲಿಲ್ಲ.

ಇಷ್ಟಕ್ಕೂ ಬೇರೆ ಕಡೆಯ ಹುಲಿಯನ್ನು ತಂದು ಇಲ್ಲಿ ಬಿಟ್ಟರೆ ಇಲಾಖೆಗೆ ತಲೆನೋವೇ ಹೊರತು ಬೇರೇನೂ ಸಿಗಲ್ಲ. ಬಿಟ್ಟ ಜಾಗದಲ್ಲಿ ಆಗಲೇ ಒಂದು ಹುಲಿ ಇರುತ್ತದೆ. ಅದು ಹೊಸದನ್ನು ಓಡಿಸುತ್ತದೆ. ಓಡಿದ್ದು ಅಂಚಿಗೆ ಬರುತ್ತದೆ, ಅಂಚಿನಲ್ಲಿ ನೀವಿದ್ದೀರಿ, ಮಾರನೇ ದಿನ ರಸ್ತೆ ತಡೆ. ರಾತ್ರಿ ಕಾಣುವ ಬೋನಿನ ಲಾರಿಗಳು ಹೆಚ್ಚಾಗಿ ಹುಲಿ ಹಿಡಿಯೋಕೆ ಬಂದವೇ. ಊರವರು ಒತ್ತಾಯ ಮಾಡಿದ್ದಕ್ಕೆ ಬೋನು ಬರುತ್ತದೆ, ಹತ್ತು ದಿನ ಖಾಲಿ ಕೂತು ವಾಪಸ್ ಹೋಗುತ್ತದೆ. ಹೋಗುವುದನ್ನು ನೋಡಿದವರು ‘ಬಿಟ್ಟು ಹೋದರು’ ಅನ್ನುತ್ತಾರೆ. ಚಿರತೆಯ ವಿಷಯ ಬೇರೆ. ಊರಲ್ಲಿ ಹಿಡಿದ ಚಿರತೆಯನ್ನು ಕಾಡಿಗೆ ಬಿಡುವ ರೂಢಿ ಕರ್ನಾಟಕದಲ್ಲಿ ಬಹಳ ಕಾಲದಿಂದ ಇದೆ. ಅದು ಒಳ್ಳೆಯ ರೂಢಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಬಹುಶಃ ಲಾರಿ ಕಥೆಯ ಅರ್ಧ ಬೇರು ಅಲ್ಲಿದೆ.

ಸರಿ, ಹಾಗಾದರೆ ನಿಮ್ಮ ಗದ್ದೆಗೆ ಬಂದ ಹುಲಿ ಯಾವುದು? ಇದನ್ನು ಊಹೆ ಮಾಡಬೇಕಿಲ್ಲ, ಪತ್ತೆ ಮಾಡಬಹುದು. ನಮ್ಮ ಹೆಬ್ಬೆಟ್ಟಿನ ಗುರುತು ಹೇಗೋ ಹುಲಿಯ ಪಟ್ಟೆಯೂ ಹಾಗೆ, ಒಂದರದು ಇನ್ನೊಂದಕ್ಕೆ ಇಲ್ಲ. ಎಡ ಮಗ್ಗುಲಿನ ಪಟ್ಟೆಯೇ ಬೇರೆ, ಬಲ ಮಗ್ಗುಲಿನದೇ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿಯ ಮರಕ್ಕೆ ಮೊಣಕಾಲೆತ್ತರದಲ್ಲಿ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತೇವೆ. ಹುಲಿ ನಡೆದು ಹೋದರೆ ಎರಡೂ ಮಗ್ಗುಲು ಒಟ್ಟಿಗೆ ಸಿಗುತ್ತವೆ. ಈ ವಿಧಾನ ದೇಶದಲ್ಲಿ ಬೇರೂರಿದ್ದೇ ನಮ್ಮ ನಾಗರಹೊಳೆಯಲ್ಲಿ, ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಮಾಡಿದ ಕೆಲಸದಿಂದ. ತೋಟದಲ್ಲಿ ದನ ಹಿಡಿದ ಹುಲಿಯ ಫೋಟೊ ಸಿಕ್ಕರೆ ಕಾಡಿನೊಳಗಿನ ಹಳೆಯ ಫೋಟೊಗಳ ಜೊತೆ ಹೋಲಿಸಿ ನೋಡುತ್ತೇವೆ. ಎಷ್ಟೋ ಸಲ ಅದೇ ಹುಲಿ ಎರಡು ವರ್ಷದ ಹಿಂದೆ ತಾಯಿಯ ಹಿಂದೆ ಮರಿಯಾಗಿ ನಡೆದು ಹೋದ ಚಿತ್ರ ಸಿಗುತ್ತದೆ. ಅಂದರೆ ಇಲ್ಲೇ ಹುಟ್ಟಿದ್ದು, ಇಲ್ಲೇ ಬೆಳೆದದ್ದು.

ದೂರದಿಂದ ಬರುವ ಹುಲಿಗೂ ಲಾರಿ ಬೇಕಿಲ್ಲ. 2010ರಲ್ಲಿ ಬಂಡೀಪುರದ ಕ್ಯಾಮೆರಾದಲ್ಲಿ ಸಿಕ್ಕಿದ್ದ ಒಂದು ಗಂಡು ಹುಲಿ ಮರುವರ್ಷ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಕಾಣಿಸಿಕೊಂಡಿತು. ಸುಮಾರು 280 ಕಿಲೋಮೀಟರ್ ದೂರ. ಗುರುತು ಹಿಡಿದದ್ದು ಪಟ್ಟೆಯಿಂದ. ಅದು ನಡೆದುಕೊಂಡೇ ಹೋಗಿತ್ತು.

ಇನ್ನು ಯಾಕೆ ಹೊರಗೆ ಬರುತ್ತವೆ ಅನ್ನುವುದು. 2022ರ ಗಣತಿ ಪ್ರಕಾರ ನಾಗರಹೊಳೆಯಲ್ಲಿ 141 ಹುಲಿ. ಬಂಡೀಪುರದಲ್ಲಿ 150, ಉತ್ತರಾಖಂಡದ ಕಾರ್ಬೆಟ್‌ನಲ್ಲಿ 260. ದೇಶದ ಎಲ್ಲ ಹುಲಿ ಕಾಡುಗಳಲ್ಲಿ ಮೊದಲ ಮೂರು ಸ್ಥಾನ ಇವಕ್ಕೇ. ನಾಗರಹೊಳೆ ಉದ್ಯಾನ ಇರುವುದು ಹೆಚ್ಚೂಕಡಿಮೆ 643 ಚದರ ಕಿಲೋಮೀಟರ್, ಅದೂ ಕೊಡಗು, ಮೈಸೂರು ಎರಡೂ ಜಿಲ್ಲೆ ಸೇರಿ. ಒಂದು ದೊಡ್ಡ ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು, ಜಿಂಕೆಯೋ ಕಡವೆಯೋ ಕಾಟಿಯೋ (ಕಾಡುಕೋಣ). ಮೇವಿನ ಪ್ರಾಣಿಗಳಲ್ಲಿ ಹತ್ತಕ್ಕೆ ಒಂದರಂತೆ ತಿಂದರೂ ಸಂತತಿ ಉಳಿಯಬೇಕಾದರೆ ಒಂದು ಹುಲಿಯ ಹಿಂದೆ 500 ಪ್ರಾಣಿ ಇರಬೇಕು ಅಂತ ಲೆಕ್ಕ. ನಾಗರಹೊಳೆಯ ಕಾಡು ಅಷ್ಟನ್ನೂ ಸಾಕುತ್ತಿದೆ. ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ಜೌಗು ಬಯಲುಗಳಲ್ಲಿ, ಹುಲ್ಲಿದೆ, ನೀರಿದೆ. ಕೋವಿಯ ಕಾಟ ಕಡಿಮೆಯಾಗಿದೆ.

ಇದು ತನ್ನಷ್ಟಕ್ಕೆ ಆದದ್ದಲ್ಲ. 1955ರಲ್ಲೇ ಅಭಯಾರಣ್ಯ ಅಂತ ಹೆಸರು ಬಿದ್ದಿದ್ದರೂ ಅದರೊಳಗೆ ಬೇಟೆ, ಮರಗಳ್ಳತನ ನಡೆದೇ ಇತ್ತು. ಅದನ್ನು ತಡೆಯಲು ನಿಂತವರಲ್ಲಿ ನಮ್ಮ ಕೊಡಗಿನವರೇ ಆದ ಕೆ.ಎಂ. ಚಿಣ್ಣಪ್ಪನವರು ಒಬ್ಬರು. ರೇಂಜರ್ ಆಗಿದ್ದಾಗ ಅವರು ಕಟ್ಟಿಕೊಂಡ ವೈರಕ್ಕೆ ಲೆಕ್ಕವಿಲ್ಲ. ಹುಲಿ ಹೊಡೆದವನನ್ನು ಕೂರಿಸಿ ನರಿ ಮಂಗಲ (ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ) ಮಾಡುತ್ತಿದ್ದ ನಾಡು ಇದು, ಇಲ್ಲಿ ‘ಹೊಡೆಯಬೇಡಿ’ ಅನ್ನಲು ಎಷ್ಟು ಗಟ್ಟಿ ಎದೆ ಬೇಕಿತ್ತೋ ಯೋಚಿಸಿ. ಈ ಲೆಕ್ಕದಲ್ಲಿ ಕಾಡು ಬಿಟ್ಟು ಹೊರಬಂದ ಹಾಡಿಗಳ ಜೇನುಕುರುಬರ ಪಾಲೂ ಇದೆ. ಅವರಿಗೆ ಸಿಗಬೇಕಾದದ್ದು ಇವತ್ತಿಗೂ ಪೂರ್ತಿ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಬೇರೆಯೇ ಒಂದು ಪತ್ರದ ವಿಷಯ.

ಕಾಡು ತುಂಬಿತು. ಹೆಣ್ಣು ಹುಲಿ ಒಂದು ಸಲಕ್ಕೆ ಎರಡು ಮೂರು ಮರಿ ಹಾಕುತ್ತದೆ. ಮರಿಗಳು ಒಂದೂವರೆ ಎರಡು ವರ್ಷ ತಾಯಿ ಜೊತೆ ಇರುತ್ತವೆ. ಆಮೇಲೆ ತಾಯಿಯೂ ಇಟ್ಟುಕೊಳ್ಳಲ್ಲ, ಪಕ್ಕದ ಗಂಡೂ ಬಿಟ್ಟುಕೊಳ್ಳಲ್ಲ. ಹೆಣ್ಣು ಮರಿ ಹೇಗೋ ತಾಯಿಯ ಆಸುಪಾಸಿನಲ್ಲಿ ಒಂದು ಮೂಲೆ ಹಿಡಿಯುತ್ತದೆ. ಗಂಡು ಮರಿ ಅಲೆಯಬೇಕು. ಅಲೆಯುತ್ತಾ ಬ್ರಹ್ಮಗಿರಿ ಕಡೆಗೋ ವಯನಾಡಿನ ಕಡೆಗೋ ಹೋಗುವ ದಾರಿಯಲ್ಲೇ ನಿಮ್ಮ ತೋಟ ಇದೆ. ಅದರ ಕಣ್ಣಿಗೆ ನಿಮ್ಮ ತೋಟ ತೋಟವಲ್ಲ. ನೆರಳಿನ ಮರ ಇದೆ, ಹಗಲು ಮಲಗಲು ಕಾಫಿ ಗಿಡದ ಸಾಲಿದೆ, ಕೆರೆ ಇದೆ, ಕಾಡುಹಂದಿ ಇದೆ, ಗದ್ದೆ ಬದಿಯಲ್ಲಿ ಓಡಲಾಗದ ಹಾಗೆ ಕಟ್ಟಿದ ಹಸು ಇದೆ. ಕೆಲವರು ರೈಲ್ವೆ ಕಂಬಿ ಬೇಲಿ ಹಾಕಿಸಿದರೆ ಹುಲಿ ನಿಲ್ಲುತ್ತದೆ ಅಂತಾರೆ. ಅದು ಆನೆಗೆ. ಹುಲಿ ಅದರ ಕೆಳಗೆ ನುಸುಳಿ ಬರುತ್ತದೆ. ಇನ್ನೊಂದು ಬಗೆಯ ಹುಲಿಯೂ ಬರುತ್ತದೆ. ಮುದಿಯಾಗಿ, ಕೋರೆಹಲ್ಲು ಮುರಿದು, ಇಲ್ಲವೇ ಉರುಳಿಗೆ ಸಿಕ್ಕಿ ಕಾಲು ಗಾಯವಾಗಿ, ಕಾಟಿ ಕಡವೆ ಹಿಡಿಯಲಾಗದೆ ಹೊರಗೆ ಬಿದ್ದದ್ದು. ಇದು ಮೊದಲನೆಯದಕ್ಕಿಂತ ಅಪಾಯ. ತೋಟದಲ್ಲಿ ಹಂದಿಗೆ ಉರುಳು ಇಡುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ನಿಲ್ಲಿಸಲು ಹೇಳಿ. ಆ ತಂತಿಗೆ ಹಂದಿ ಯಾವುದು ಹುಲಿ ಯಾವುದು ಅಂತ ಗೊತ್ತಾಗಲ್ಲ.

ಈ ಎರಡರಲ್ಲಿ ನಿಮ್ಮದು ಯಾವುದು ಅಂತ ಸತ್ತ ಹಸುವೇ ಸ್ವಲ್ಪ ಹೇಳುತ್ತದೆ. ನಾವು ಹೋದ ತಕ್ಷಣ ನೋಡುವುದು ಗಂಟಲು. ಹೊರಗೆ ರಕ್ತ ಅಷ್ಟಾಗಿ ಕಾಣಲ್ಲ. ವೆಟರಿನರಿ ಡಾಕ್ಟರು ಚರ್ಮ ಬಿಡಿಸಿದರೆ ಒಳಗೆ ಹೆಪ್ಪುಗಟ್ಟಿದ ಕಪ್ಪು ರಕ್ತ, ಮಧ್ಯದಲ್ಲಿ ಕೋರೆಹಲ್ಲಿನ ತೂತು. ಎರಡು ತೂತಿನ ನಡುವಿನ ಅಂತರ ಅಳೆಯುತ್ತೇವೆ, ಹುಲಿಯದು ಚಿರತೆಯದಕ್ಕಿಂತ ಅಗಲ. ಆಮೇಲೆ ಹಿಂಭಾಗ. ಹುಲಿ ಸಾಮಾನ್ಯವಾಗಿ ತೊಡೆಯ ಕಡೆಯಿಂದ ತಿನ್ನಲು ಶುರು ಮಾಡುತ್ತದೆ, ಹೊಟ್ಟೆಚೀಲವನ್ನು ಎಳೆದು ಒಂದು ಕಡೆ ಬಿಸಾಡಿರುತ್ತದೆ. ಚಿರತೆ ಹೆಚ್ಚಾಗಿ ಹೊಟ್ಟೆ, ಎದೆ ಕಡೆಯಿಂದ. ನಾಯಿಗಳಾದರೆ ಗಂಟಲು ಬಿಟ್ಟು ಎಲ್ಲ ಕಡೆ ಹರಿದಿರುತ್ತದೆ. ಕುತ್ತಿಗೆ, ಬೆನ್ನು, ಹೆಗಲು ಅಂತ ನಾಲ್ಕಾರು ಕಡೆ ಕಚ್ಚಿದ ಗುರುತಿದ್ದರೆ ಇನ್ನೂ ಬೇಟೆ ಕಲಿಯುತ್ತಿರುವ ಎಳೆಯ ಹುಲಿ ಇರಬಹುದು ಅಂತ ಅನುಮಾನ ಪಡುತ್ತೇವೆ. ಕೆಸರಿನಲ್ಲಿ ಹೆಜ್ಜೆ ಇದ್ದರೆ ಬುಟ್ಟಿ ಮುಚ್ಚಿಡಿ, ಮಳೆ ಬಂದರೆ ಹೋಗುತ್ತದೆ. ಉಗುರಿನ ಗುರುತು ಕಂಡರೆ ಅದು ನಾಯಿ. ಹುಲಿ, ಚಿರತೆ ಎರಡೂ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ.

ಮುಂದೆ ಯಾರದಾದರೂ ದನ ಹೋದರೆ ಹೂಳುವ ಅವಸರ ಬೇಡ. ಫೋಟೊ ತೆಗೆಯಿರಿ, 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಪರಿಹಾರದ ಕಡತ ಮುಂದೆ ಹೋಗಲ್ಲ. ಮನೆಯಿಂದ ದೂರ ಇದ್ದರೆ ಕಳೇಬರವನ್ನು ಅಲ್ಲೇ ಬಿಡುವುದು ಒಳ್ಳೆಯದು. ಹುಲಿ ಎರಡು ಮೂರು ರಾತ್ರಿ ಅದಕ್ಕೇ ವಾಪಸ್ ಬರುತ್ತದೆ, ತಿಂದು ಮುಗಿಸುತ್ತದೆ. ನೀವು ಎತ್ತಿ ಹಾಕಿದರೆ ಹಸಿದ ಹುಲಿ ಪಕ್ಕದ ಮನೆಯ ದನ ನೋಡುತ್ತದೆ. ಆದರೆ ಕೆಲಸದವರ ಲೈನ್ ಮನೆ ಹತ್ತಿರವೋ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೋ ಇದ್ದರೆ ಈ ಮಾತು ನಡೆಯಲ್ಲ, ಇಲಾಖೆಯವರನ್ನು ಕರೆಸಿ ಸಾಗಿಸಲೇಬೇಕು. ಅಷ್ಟು ಹೊತ್ತು ಯಾರೂ ಹತ್ತಿರ ಹೋಗಿ ವೀಡಿಯೊ ಮಾಡುವುದು ಬೇಡ. ತಿನ್ನುತ್ತಿರುವ ಹುಲಿಯ ಸುತ್ತ ಜನ ಮುತ್ತಿಕೊಂಡಾಗಲೇ ಗಾಯಗೊಳ್ಳುವವರು ಜಾಸ್ತಿ.

ಬೋನು ಇಡಿಸಿ ಅಂತ ಊರವರು ಒತ್ತಾಯ ಮಾಡುತ್ತಾರೆ. ಮನುಷ್ಯರಿಗೆ ಅಪಾಯ ಇದ್ದರೆ ಅದು ಬೇಕೇ ಬೇಕು, ನಾನು ಬೇಡ ಅನ್ನಲ್ಲ. ದನ ಹಿಡಿದದ್ದಕ್ಕೆ ಮಾತ್ರ ಬೋನು ಅಂದರೆ ಎರಡು ತೊಡಕಿದೆ. ಬೋನಿಗೆ ಬೀಳುವುದು ನಿಮ್ಮ ಹಸು ಹಿಡಿದ ಹುಲಿಯೇ ಅಂತ ಗ್ಯಾರಂಟಿ ಇಲ್ಲ. ಎರಡನೆಯದಾಗಿ, ಖಾಲಿಯಾದ ಜಾಗಕ್ಕೆ ಇನ್ನೊಂದು ಅಲೆಮಾರಿ ಬಂದು ಕೂರುತ್ತದೆ, ಅದು ಮೊದಲಿನದಕ್ಕಿಂತ ಒಳ್ಳೆಯದೋ ಕೆಟ್ಟದ್ದೋ ಯಾರಿಗೆ ಗೊತ್ತು.

ವಿಷದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಸಿಟ್ಟಿನಲ್ಲಿ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಸತ್ತದ್ದು ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು. ಹಾಕಿದವರು ಜೈಲಿಗೆ ಹೋದರು. ಕಾನೂನಿನಲ್ಲಿ ಇದಕ್ಕೆ ಮೂರರಿಂದ ಏಳು ವರ್ಷ ಶಿಕ್ಷೆ. ಕೊಡಗಿನಲ್ಲಿ ಮನೆ ಮನೆಯಲ್ಲಿ ಕೋವಿ ಇದೆ, ಅದೂ ಗೊತ್ತು. ಹೆದರಿಸಲು ಅಂತ ಹೊಡೆದ ಚರೆ ಹುಲಿಯ ಭುಜಕ್ಕೋ ದವಡೆಗೋ ಕೂತರೆ, ನಿನ್ನೆವರೆಗೆ ಹಂದಿ ಹಿಡಿಯುತ್ತಿದ್ದ ಹುಲಿ ನಾಳೆಯಿಂದ ಸುಲಭದ ಬೇಟೆ ಹುಡುಕುತ್ತದೆ. ಸುಲಭದ ಬೇಟೆ ಅಂದರೆ ನಾವೇ ಅಲ್ವಾ.

ನನ್ನ ಅನುಭವದಲ್ಲಿ ನಿಜವಾಗಿ ಕೆಲಸ ಮಾಡುವುದು ಕೊಟ್ಟಿಗೆ. ರಾತ್ರಿ ದನ ನಾಲ್ಕು ಗೋಡೆಯೊಳಗೆ, ಬಾಗಿಲು ಹಾಕಿ, ಹೊರಗೆ ಒಂದು ಲೈಟು. ಸುತ್ತ ಒಂದಿಪ್ಪತ್ತು ಹೆಜ್ಜೆ ಪೊದೆ ಸವರಿ. ಖರ್ಚು ಆಗುತ್ತದೆ, ಹೌದು. ಮತ್ತೆ ಹಗಲಲ್ಲೂ ಹಸುವನ್ನು ಕಾಡಂಚಿನಲ್ಲಿ ಕಟ್ಟಿ ಬಿಟ್ಟು ಬರುವ ಅಭ್ಯಾಸ ಬಿಡಬೇಕಾಗುತ್ತದೆ, ಇದು ಕೊಟ್ಟಿಗೆ ಕಟ್ಟುವುದಕ್ಕಿಂತ ಕಷ್ಟ. ಗದ್ದೆ ಕುಯ್ಲಾದ ಮೇಲೆ ದನ ಬಿಡದೆ ಇರುವವರು ನಮ್ಮಲ್ಲಿ ಯಾರಿದ್ದಾರೆ?

ಕಾಫಿ ಕುಯ್ಲಿನ ವಿಷಯ. ಒಮ್ಮೆ ಮನುಷ್ಯನ ರಕ್ತದ ರುಚಿ ಸಿಕ್ಕರೆ, ಅದರಲ್ಲಿ ಉಪ್ಪು ಜಾಸ್ತಿ ಇರುವುದರಿಂದ, ಹುಲಿ ಬೇರೇನೂ ತಿನ್ನಲ್ಲ ಅಂತ ನಿಮ್ಮ ಕೆಲಸದವರು ನಂಬಿರಬಹುದು. ಅದು ಸುಳ್ಳು. ಎಷ್ಟೋ ದಾಳಿಗಳು ಎದುರಾಬದುರು ಸಿಕ್ಕಿಬಿದ್ದಾಗ ಆಗುವಂಥವು. ಆದರೆ ಮನುಷ್ಯರನ್ನೇ ಹುಡುಕುವ ಹುಲಿಗಳೂ ಅಪರೂಪಕ್ಕೆ ಇವೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂಥದ್ದನ್ನು ಹಿಡಿಯಲು, ಹಿಡಿಯಲು ಆಗದೇ ಹೋದರೆ ಕೊಲ್ಲಲು ವನ್ಯಜೀವಿ ಕಾಯಿದೆಯಲ್ಲೇ ಅವಕಾಶ ಇದೆ, ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಆದೇಶ ಕೊಡಬೇಕು. ದನ ಹಿಡಿಯುತ್ತಿರುವ ಹುಲಿ ಅಂಥದ್ದಲ್ಲ. ಕೆಲಸದವರು ಒಬ್ಬೊಬ್ಬರೇ ಹೋಗುವುದು ಬೇಡ, ನಾಲ್ಕೈದು ಜನ ಒಟ್ಟಿಗೆ, ಮಾತಾಡಿಕೊಂಡು, ಮೊಬೈಲಲ್ಲಿ ಹಾಡು ಹಾಕಿಕೊಂಡಾದರೂ ಸರಿ. ಬಿಸಿಲು ಬಂದ ಮೇಲೆ ಶುರು ಮಾಡಿ, ಕತ್ತಲಾಗುವ ಮುಂಚೆ ಮುಗಿಸಿ. ಬಗ್ಗಿ ಕೂತು ಉದುರಿದ ಹಣ್ಣು ಆಯುವವರು ಗುಂಪಿನ ಮಧ್ಯದಲ್ಲಿರಲಿ, ಬಗ್ಗಿದ ಮನುಷ್ಯ ಹುಲಿಗೆ ನಾಲ್ಕು ಕಾಲಿನ ಪ್ರಾಣಿಯ ಹಾಗೆ ಕಾಣಬಹುದು. ಲೈನ್ ಮನೆಗೆ ಶೌಚಾಲಯ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಮುಂಜಾವಿನ ಕತ್ತಲಲ್ಲಿ ಗಿಡದ ಮರೆಗೆ ಹೋಗುವುದೇ ದೊಡ್ಡ ಅಪಾಯ.

ಈಗ ಮಗಳ ಹಠಕ್ಕೆ ಬರೋಣ. ಸಫಾರಿಯಿಂದಲೇ ಹುಲಿ ಊರಿಗೆ ಬರುತ್ತಿದೆ ಅನ್ನುವ ಸಿಟ್ಟು ನಿಮ್ಮ ಊರಿನದ್ದು ಮಾತ್ರ ಅಲ್ಲ. 2025ರ ನವೆಂಬರ್‌ನಲ್ಲಿ ಮೈಸೂರು, ಚಾಮರಾಜನಗರ ಕಡೆ ಹುಲಿ ದಾಳಿಗಳಾದ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತ್ತು. ಜೀಪಿಗೆ ಒಗ್ಗಿದ ಹುಲಿ ಜೀಪಿಗೆ ಹೆದರಲ್ಲ, ನಿಜ. ಆದರೆ ಅದೇ ಹುಲಿ ಕಾಲುನಡಿಗೆಯ ಮನುಷ್ಯನನ್ನು ಕಂಡರೆ ಪೊದೆ ಸೇರುವುದನ್ನು ನಾವು ಕೆಲಸದ ಮೇಲೆ ಎಷ್ಟೋ ಸಲ ನೋಡಿದ್ದೇವೆ. ಸಫಾರಿ ದಾರಿಯಲ್ಲಿ ಕಾಣುವುದು ಹೆಚ್ಚಾಗಿ ಜಾಗ ಗಟ್ಟಿ ಮಾಡಿಕೊಂಡ ಹುಲಿ. ನಿಮ್ಮ ಗದ್ದೆಗೆ ಬರುವುದು ಜಾಗ ಇಲ್ಲದ್ದು. ಹಾಗಂತ ಸಫಾರಿಗೆ ನಾನು ಕ್ಲೀನ್ ಚಿಟ್ ಕೊಡಲ್ಲ. ಒಂದು ಹುಲಿ ಕಂಡರೆ ಹತ್ತು ವಾಹನ ದಾರಿಗೆ ಅಡ್ಡ ನಿಲ್ಲುವುದು, ಕಾಡಂಚಿನ ರೆಸಾರ್ಟುಗಳ ರಾತ್ರಿ ದೀಪ, ಪಾರ್ಟಿ ಸದ್ದು, ಇವು ಹುಲಿಗೂ ಒಳ್ಳೆಯದಲ್ಲ, ನಿಮಗೂ ಅಲ್ಲ. ಹುಲಿ ಕಾಡಿನ ನಡುಭಾಗದಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗ ಪ್ರವಾಸೋದ್ಯಮಕ್ಕೆ ಕೊಡಬಾರದು ಅಂತ 2012ರಿಂದ ನಿಯಮ ಇದೆ. ಆ ಅಂಕೆ ಇರಲೇಬೇಕು.

ಹೋಗಿ ಅಂತಲೇ ನನ್ನ ಸಲಹೆ. ಮಗಳ ಅಪ್ಪ ಕೇಳಿದ್ದು ನ್ಯಾಯವಾದ ಮಾತು, ಅದನ್ನು ಮಗಳ ಮುಂದೆಯೇ ಹೇಳಲಿ. ಹುಲಿಯನ್ನು ಪೋಸ್ಟರಿನಲ್ಲಿ ಮಾತ್ರ ನೋಡುವ ಬೆಂಗಳೂರಿನ ಮಕ್ಕಳಿಗಿಂತ ನಿಮ್ಮ ಮಗಳಿಗೆ ಈ ವಿಷಯ ಜಾಸ್ತಿ ಅರ್ಥವಾಗುತ್ತದೆ.

ನಿಮಗೆ ಹತ್ತಿರ ಕುಟ್ಟದ ಪಕ್ಕದ ನಾಣಚ್ಚಿ ಗೇಟು. ಕಬಿನಿ ಕಡೆ ಹಿನ್ನೀರಿನ ಬಯಲಿರುವುದರಿಂದ ಪ್ರಾಣಿ ಕಾಣುವುದು ಸುಲಭ, ಆದರೆ ಜನ, ದುಡ್ಡು ಎರಡೂ ಜಾಸ್ತಿ. ಹುಲಿ ಕಾಣದೇ ಇರಬಹುದು ಅಂತ ಅವಳಿಗೆ ಮೊದಲೇ ಹೇಳಿಬಿಡಿ. ಡ್ರೈವರಿಗೆ ‘ಹುಲಿ ತೋರಿಸಿ, ಎಕ್ಸ್‌ಟ್ರಾ ಕೊಡ್ತೀವಿ’ ಅನ್ನಬೇಡಿ, ವಾಹನ ಓಡಿಸುವ ಹುಚ್ಚು ಅಲ್ಲಿಂದಲೇ ಶುರುವಾಗುವುದು. ಅದರ ಬದಲು ಒಂದು ಕಡೆ ಎಂಜಿನ್ ಆಫ್ ಮಾಡಿಸಿ ಹತ್ತು ನಿಮಿಷ ಕೂರಿ. ಮುಸುವ ಮರದ ಮೇಲಿಂದ ಖೊಕ್ ಖೊಕ್ ಅಂತ ಒಂದೇ ಕಡೆ ನೋಡಿ ಕೂಗುತ್ತಿದೆಯಾ, ಜಿಂಕೆ ಬಾಲ ಎತ್ತಿ ಕಿರುಚಿತಾ ಕೇಳಿಸಿಕೊಳ್ಳಲಿ. ಜಿಂಕೆ ಒಮ್ಮೊಮ್ಮೆ ಸುಮ್ನೆ ಕೂಗುತ್ತದೆ. ಕಡವೆ ಕೂಗಿದರೆ ಮಾತ್ರ ಮೈ ನೆಟ್ಟಗೆ ಮಾಡಿ ಕೂರಬೇಕು. ಮರದ ತೊಗಟೆಯ ಮೇಲೆ ಉಗುರಿನ ಗೀರು, ದಾರಿ ಮಧ್ಯದಲ್ಲಿ ಕೂದಲು ತುಂಬಿದ ಹಿಕ್ಕೆ ತೋರಿಸಲು ಗೈಡಿಗೆ ಹೇಳಿ. ಹುಲಿ ಪೊದೆಗೆ ಸಿಂಪಡಿಸಿ ಹೋದ ಗುರುತು ಹೊಸದಾಗಿದ್ದರೆ ಬಾಸ್ಮತಿ ಅಕ್ಕಿಯ ವಾಸನೆಯೇ ಬರುತ್ತದೆ, ಇದನ್ನು ಮಕ್ಕಳು ಜನ್ಮದಲ್ಲಿ ಮರೆಯಲ್ಲ. ನಡುವೆ ದಟ್ಟ ಲಂಟಾನ ಕಳೆ ಬೆಳೆದ ಜಾಗ ಬಂದಾಗ ಇಲ್ಲಿ ಜಿಂಕೆಗೆ ತಿನ್ನಲು ಏನಿದೆ ಅಂತ ಅವಳನ್ನೇ ಕೇಳಿ.

ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯಾ, ಎಷ್ಟು ಹೊತ್ತಿಗೆ ಅಂತ ಇಲಾಖೆಯ ಕಚೇರಿಯಲ್ಲೇ ವಿಚಾರಿಸಿ, ಹಳೆಯ ವೀಡಿಯೊ ನಂಬಬೇಡಿ. ಬೆಳಗಿನ ಸರದಿಯೇ ಒಳ್ಳೆಯದು. ಕುಟ್ಟದಿಂದ ನಾಗರಹೊಳೆ ಮೂಲಕ ಹುಣಸೂರಿಗೆ ಹೋಗುವ ಕಾಡುರಸ್ತೆ ಸಂಜೆ ಆರಕ್ಕೆ ಮುಚ್ಚುತ್ತದೆ, ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಆ ಕಡೆಯಿಂದ ವಾಪಸ್ ಬರುವ ಯೋಚನೆ ಇದ್ದರೆ ಸಮಯ ನೋಡಿಕೊಂಡು ಹೊರಡಿ, ಮಧ್ಯದಲ್ಲಿ ಎಲ್ಲೂ ಗಾಡಿ ನಿಲ್ಲಿಸುವ ಹಾಗಿಲ್ಲ.